ಗಿಡ ಸರಿಯಾಗೇ ಹೇಳಿತ್ತು, ನಾನೇ ನಂಬಲಿಲ್ಲ

ಜೀನ್ ಎಡಿಟಿಂಗ್ ಅಂದರೆ ಡಿಎನ್‌ಎ ಕತ್ತರಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಮಾಡಿದ ಕೆಲಸದಲ್ಲಿ ಏನನ್ನೂ ಕತ್ತರಿಸಲಿಲ್ಲ. ಡಿಎನ್‌ಎಯ ಅಕ್ಷರಗಳು ಇದ್ದ ಹಾಗೇ ಇರಬೇಕು, ಅವುಗಳ ಮೇಲೆ ಕೂತ ಮಿಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುರುತು ಮಾತ್ರ ಹೋಗಬೇಕು, ಅಷ್ಟೇ.

ಗಿಡ ಅರಾಬಿಡಾಪ್ಸಿಸ್. ಸಾಸಿವೆಯ ದೂರದ ನೆಂಟ, ಬಿತ್ತಿದ ಎರಡು ತಿಂಗಳೊಳಗೆ ಹೆಚ್ಚುಕಡಿಮೆ ಬೀಜ ಕೈಗೆ ಬರುತ್ತದೆ. ಆರಿಸಿಕೊಂಡ ಜೀನ್ ಎಫ್‌ಡಬ್ಲ್ಯುಎ. ಮಾಮೂಲಿ ಗಿಡದ ಎಲೆಗಳಲ್ಲಿ ಇದು ಸುಮ್ನೆ ಮಲಗಿರುತ್ತದೆ. ಅದರ ಪ್ರೊಮೋಟರ್, ಅಂದರೆ ಜೀನಿನ ಸ್ವಿಚ್ಚಿನಂಥ ಭಾಗದ ಮೇಲೆ ಮಿಥೈಲ್ ಗುರುತು ದಟ್ಟವಾಗಿರುವುದೇ ಕಾರಣ. ಗುರುತು ಅಳಿದರೆ ಜೀನ್ ಎಚ್ಚರವಾಗುತ್ತದೆ, ಹೂ ತಡವಾಗುತ್ತದೆ. ಹೊಸಬರಿಗೆ ನಾನು ಈ ಜೀನನ್ನೇ ಹೇಳುತ್ತೇನೆ. ಫಲಿತಾಂಶ ನೋಡಲು ಯಂತ್ರ ಬೇಡ, ಹೂ ತಡವಾದಷ್ಟೂ ಎಲೆ ಜಾಸ್ತಿ, ಎಣಿಸಿದರೆ ಸಾಕು.

ಕ್ಯಾಸ್9 ಅಂದರೆ ಡಿಎನ್‌ಎ ಕತ್ತರಿಸುವ ಪ್ರೋಟೀನ್. ನನ್ನ ಉಪಕರಣದಲ್ಲಿ ಕತ್ತರಿಸುವ ಶಕ್ತಿ ತೆಗೆದುಹಾಕಿದ ಕ್ಯಾಸ್9ಗೆ ಸನ್‌ಟ್ಯಾಗ್ ಅನ್ನುವ ಬಾಲ ಇರುತ್ತದೆ. ಮನುಷ್ಯರ ಟೆಟ್1 ಪ್ರೋಟೀನಿನ ತುಂಡುಗಳು ಆ ಬಾಲಕ್ಕೆ ಬಂದು ಅಂಟಿಕೊಳ್ಳುತ್ತವೆ. ಅಳಿಸುವ ಕೆಲಸ ಅವುಗಳದು, ಜಾಗ ತೋರಿಸುವುದು ಗೈಡ್ ಆರ್‌ಎನ್‌ಎ. ಇದನ್ನೆಲ್ಲ ಗಿಡದೊಳಗೆ ಜೀನ್ ಸಾಗಿಸುವ ಬ್ಯಾಕ್ಟೀರಿಯಾ ಅಗ್ರೋಬ್ಯಾಕ್ಟೀರಿಯಂಗೆ ಸೇರಿಸಿ, ಅದರ ದ್ರಾವಣದಲ್ಲಿ ಮೊಗ್ಗುಗಳನ್ನು ಅದ್ದಿದೆ. ಬಂದ ಬೀಜಗಳನ್ನು, ಉಪಕರಣ ಸೇರದ ಸಸಿಗಳನ್ನು ಕೊಲ್ಲುವ ಹೈಗ್ರೊಮೈಸಿನ್ ಔಷಧಿ ಹಾಕಿದ ತಟ್ಟೆಗಳಲ್ಲಿ ಬೆಳೆಸಿ, ಬದುಕಿದ ಸಸಿಗಳನ್ನು ಮಣ್ಣಿಗೆ ಹಾಕಿದೆ.

ದಿನಕ್ಕೆ 16 ಗಂಟೆ ಬೆಳಕು. ಪಕ್ಕದ ಮಾಮೂಲಿ ಗಿಡಗಳು ಹೂಕಾಂಡ ಎತ್ತಿದರೂ ನನ್ನವುಗಳಲ್ಲಿ ಕೆಲವು ಎಲೆ ಮೇಲೆ ಎಲೆ ಬಿಡುತ್ತಲೇ ಇದ್ದವು. ಗೆದ್ದೆ ಅಂದುಕೊಂಡೆ.

ಆಮೇಲೆ ಮಿಥೈಲ್ ಗುರುತು ಎಲ್ಲಿದೆ ಅಂತ ತೋರಿಸುವ ಬೈಸಲ್ಫೈಟ್ ಪರೀಕ್ಷೆ. ಮಿಥೈಲ್ ಇಲ್ಲದ ಸೈಟೊಸಿನ್ (ಡಿಎನ್‌ಎಯ 'ಸಿ' ಅಕ್ಷರ) ಬೈಸಲ್ಫೈಟ್‌ಗೆ ಸಿಕ್ಕಿ ಯುರಾಸಿಲ್ ಆಗುತ್ತದೆ, ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಮುಗಿದ ಮೇಲೆ 'ಟಿ' ಅಂತ ಓದಿಸಿಕೊಳ್ಳುತ್ತದೆ. ಮಿಥೈಲ್ ಇರುವುದು 'ಸಿ' ಆಗಿಯೇ ಉಳಿಯುತ್ತದೆ. ನನ್ನ ತಡದ ಗಿಡಗಳಲ್ಲಿ ಎಲ್ಲೆಲ್ಲೂ 'ಸಿ'! ಗುರುತು ಹೋಗಿಯೇ ಇಲ್ಲ ಅಂತ ಅರ್ಥ, ಅಲ್ವಾ? ನಾನೂ ಹಾಗೇ ನಂಬಿದೆ. ಬೆಳಕು ಸರಿಯಿರಲಿಲ್ಲವೇನೋ, ಕುಂಡ ಚಿಕ್ಕದಾಯಿತೇನೋ ಅಂತ ಗಿಡದ ಮೇಲೆಯೇ ಅನುಮಾನ. ಎರಡು ವಾರ ಹೀಗೇ ಹೋಯಿತು. ಹೊಸ ಗೈಡ್‌ಗಳನ್ನೂ ಬರೆದಿಟ್ಟುಕೊಂಡಿದ್ದೆ.

ಒಂದು ವಿಷಯ ಮಾತ್ರ ಕೊರೆಯುತ್ತಿತ್ತು. ಗಿಡಗಳಲ್ಲಿ ಮಿಥೈಲ್ ಕೂರುವ ಜಾಗ ಮೂರು ಬಗೆ: ಸಿಜಿ, ಸಿಎಚ್‌ಜಿ, ಸಿಎಚ್‌ಎಚ್. ಇಲ್ಲಿ 'ಎಚ್' ಅಂದರೆ ಜಿ ಬಿಟ್ಟು ಬೇರೆ ಯಾವುದಾದರೂ ಅಕ್ಷರ. ಸಿಎಚ್‌ಎಚ್‌ನಲ್ಲಿ ಗುರುತು ಸಾಮಾನ್ಯವಾಗಿ ಕಡಿಮೆ. ನನ್ನ ಕೆಲವು ಎಳೆಗಳಲ್ಲೋ ಒಂದೇ ಒಂದು 'ಸಿ'ಯೂ ಬದಲಾಗಿರಲಿಲ್ಲ. ಮಾಮೂಲಿ ಗಿಡಕ್ಕಿಂತಲೂ ಜಾಸ್ತಿ ಮಿಥೈಲ್ ಎಲ್ಲಿಂದ ಬರಬೇಕು?

ಆಗ ಎಲೆಯ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳ ಡಿಎನ್‌ಎ ನೋಡಿದೆ. ಅದರಲ್ಲಿ ಮಿಥೈಲ್ ಇರುವುದಿಲ್ಲ, ಅಂದರೆ ಪೂರ್ತಿ 'ಟಿ' ಕಾಣಬೇಕು. ಅಲ್ಲೂ 'ಸಿ' ರಾಶಿ. ಬೈಸಲ್ಫೈಟ್ ಕೆಲಸ ಮಾಡುವುದು ಒಂಟಿ ಎಳೆಯ ಮೇಲೆ. ನನ್ನ ಡಿಎನ್‌ಎಯ ಜೋಡಿ ಎಳೆಗಳು ಪೂರ್ತಿ ಬಿಚ್ಚಿಕೊಂಡೇ ಇರಲಿಲ್ಲ. ಡಿಎನ್‌ಎ ಜಾಸ್ತಿ ಸುರಿದಿದ್ದೆ, ಬಿಸಿ ಮಾಡುವುದರಲ್ಲಿ ಅವಸರ ಮಾಡಿದ್ದೆ. ಕಡಿಮೆ ಡಿಎನ್‌ಎ ತೆಗೆದುಕೊಂಡು ಸರಿಯಾಗಿ ಬಿಸಿ ಮಾಡಿದೆ. ಕ್ಲೋರೋಪ್ಲಾಸ್ಟ್ ಸ್ವಚ್ಛವಾಯಿತು, ಪೂರ್ತಿ 'ಟಿ'. ಎಫ್‌ಡಬ್ಲ್ಯುಎ ಪ್ರೊಮೋಟರ್ ಬೋಳಾಗಿತ್ತು. ಹೊಸ ಗೈಡ್‌ಗಳ ಪಟ್ಟಿ ಕಸದ ಬುಟ್ಟಿಗೆ ಹೋಯಿತು.

ಮುಂದಿನ ಪೀಳಿಗೆಯಲ್ಲಿ ಕ್ಯಾಸ್9 ಬಾರದ ಸಸಿಗಳನ್ನು ಪಿಸಿಆರ್ ಮಾಡಿ ಹುಡುಕಿದೆ. ಅಳಿಸುವ ಉಪಕರಣವೇ ಇಲ್ಲದ ಆ ಗಿಡಗಳೂ ತಡವಾಗಿಯೇ ಹೂ ಬಿಟ್ಟವು. ಅವುಗಳ ಬೈಸಲ್ಫೈಟ್ ಫಲಿತಾಂಶ ಬಂದ ದಿನ ಮೊದಲು ತೆರೆದದ್ದು ಕ್ಲೋರೋಪ್ಲಾಸ್ಟ್ ಫೈಲನ್ನೇ.