ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ: ಕಾಪುವಿನ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಕಥೆ

ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಇಂಥ ಕಾರಿನ ಬಾನೆಟ್ ಎತ್ತಿದವರೆಲ್ಲ ಒಂದೊಂದು ಪಾರ್ಟಿನ ಹೆಸರು ಹೇಳುತ್ತಾರೆ. ಕಾಪುವಿನಲ್ಲಿರುವ ನನ್ನ ಭಾವ ಕೊಂಡ ಹಳೆಯ ಪೆಟ್ರೋಲ್ ಕಾರಿಗೂ ಅದೇ ಆಗಿತ್ತು. ಮಳೆಗಾಲ ಪೂರ್ತಿ ಅಂಗಳದಲ್ಲಿ ಟಾರ್ಪಾಲಿನ ಅಡಿ ನಿಂತಿದ್ದ ಗಾಡಿ ಅದು. ಹೊಸ ಪ್ಲಗ್ ಹಾಕಿಸಿದ್ದರು, ಹೊಸ ಬ್ಯಾಟರಿಯೂ ಬಂದಿತ್ತು. ಇನ್ನು ಪೆಟ್ರೋಲ್ ಪಂಪೇ ಬದಲಿಸಬೇಕೆಂದು ಒಂದು ಗ್ಯಾರೇಜಿನಲ್ಲಿ ಹೇಳಿದ್ದರಂತೆ. "ನೀನೊಮ್ಮೆ ನೋಡು ಮಾರಾಯ, ಆಮೇಲೆ ಪಂಪು ತರಿಸುವ" ಎಂದರು ಭಾವ. ಸುರತ್ಕಲ್ಲಿನಿಂದ ಮಲ್ಟಿಮೀಟರ್ ಮತ್ತು ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಹಿಡಿದುಕೊಂಡು ಹೋದೆ.

ನಾನು ಮೊದಲು ಕಿವಿ ಕೊಡುವುದು ಸೆಲ್ಫಿನ ಸದ್ದಿಗೆ. ಕಂಪ್ರೆಶನ್ ಇರುವ, ಅಂದರೆ ಸಿಲಿಂಡರಿನೊಳಗೆ ಗಾಳಿ ಸರಿಯಾಗಿ ಒತ್ತಲ್ಪಡುವ ಇಂಜಿನ್ ಏರಿಳಿತದ ಲಯದಲ್ಲಿ ತಿರುಗುತ್ತದೆ. ಯಾವ ತಡೆಯೂ ಇಲ್ಲದೆ ಹಗುರಾಗಿ, ಎಂದಿಗಿಂತ ವೇಗವಾಗಿ ತಿರುಗಿದರೆ ವಾಲ್ವುಗಳನ್ನು ಆಡಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಆಗ ಕೀ ತಿರುಗಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಖರ್ಚು ಹಲವು ಪಟ್ಟಾಗುತ್ತದೆ. ಇಲ್ಲಿ ಲಯ ಸರಿಯಿತ್ತು. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗಲೂ 10ಕ್ಕಿಂತ ಮೇಲೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿರಲಿಲ್ಲ, ಎಂದರೆ ಕಳ್ಳತನ ತಡೆಯುವ ಇಮೊಬಿಲೈಸರಿನ ತಕರಾರೂ ಇಲ್ಲ.

ನಂತರ ಪೆಟ್ರೋಲ್. ಭಾವನಿಗೆ ಕೀ ಆನ್ ಮಾಡಲು ಹೇಳಿ, ನಾನು ಹಿಂದಿನ ಸೀಟಿನ ಹತ್ತಿರ ಕಿವಿಯಿಟ್ಟೆ. ಪಂಪು ಸುಮಾರು ಎರಡು ಸೆಕೆಂಡು ಗುಂಯ್ ಎಂದು ನಿಂತಿತು. ಹಾಗೆ ನಿಲ್ಲುವುದು ಸರಿಯೇ. ಇಂಜಿನ್ ತಿರುಗುತ್ತಿದೆ ಎಂದು ಅದನ್ನು ನಡೆಸುವ ಕಂಪ್ಯೂಟರಾದ ಇಸಿಯುಗೆ ತಿಳಿದರೆ ಮಾತ್ರ ಪಂಪು ಮತ್ತೆ ಓಡಬೇಕು. ಅಪಘಾತದಲ್ಲಿ ಇಂಜಿನ್ ನಿಂತರೂ ಪೆಟ್ರೋಲ್ ಸುರಿಯುತ್ತಲೇ ಇರಬಾರದೆಂದು ಮಾಡಿದ ವ್ಯವಸ್ಥೆ ಇದು. ಆದರೆ ಸೆಲ್ಫ್ ಹೊಡೆಯುವಾಗ ಪಂಪಿನ ಕಪ್ಲರಿನಲ್ಲಿ (ವೈರು ಜೋಡಿಸುವ ಕೊಂಡಿ) ಮೀಟರ್ ಹಿಡಿದರೆ ಕರೆಂಟೇ ಬರುತ್ತಿಲ್ಲ! ಪ್ಲಗ್ ಬಿಚ್ಚಿ, ಪೆಟ್ರೋಲ್ ಚಿಮ್ಮದಂತೆ ಇಂಜೆಕ್ಟರ್ ಕಪ್ಲರುಗಳನ್ನು ತೆಗೆದು, ಪ್ಲಗ್ಗಿನ ಮೈಯನ್ನು ಇಂಜಿನ್ ಲೋಹಕ್ಕೆ ಭದ್ರವಾಗಿ ತಾಗಿಸಿ ನೋಡಿದೆ. ಕಿಡಿಯೂ ಇಲ್ಲ. (ಪ್ಲಗ್ಗನ್ನು ಗಾಳಿಯಲ್ಲಿ ನೇತಾಡಿಸಿ ಕಿಡಿ ನೋಡಬಾರದು. ಕಿಡಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಸುಟ್ಟೀತು, ಪೆಟ್ರೋಲ್ ವಾಸನೆ ಇದ್ದರಂತೂ ಬೆಂಕಿಯ ಭಯ.)

ನನಗೆ ದಾರಿ ಕಂಡದ್ದು ಇಲ್ಲೇ. ಪಂಪೂ ಕಾಯಿಲೂ ಒಂದೇ ದಿನ ಕೆಡುವುದು ತೀರಾ ಅಪರೂಪ. ಎರಡೂ ಒಟ್ಟಿಗೆ ಸತ್ತಂತಿದ್ದರೆ ಎರಡಕ್ಕೂ ಅಪ್ಪಣೆ ಹೋಗುವ ಜಾಗವನ್ನೇ ನೋಡಬೇಕು: ಇಸಿಯುಗೆ ಕರೆಂಟ್ ಕೊಡುವ ಮೇನ್ ರಿಲೇ, ಅರ್ಥ್ (ನೆಗೆಟಿವ್ ಸಂಪರ್ಕ), ಇಲ್ಲವೇ ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಸ್ಕ್ಯಾನರ್ ಇಸಿಯು ಜೊತೆ ಮಾತಾಡುತ್ತಿದ್ದುದರಿಂದ ಮೇನ್ ರಿಲೇಯನ್ನು ಬದಿಗಿಟ್ಟೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್ ಮತ್ತು ಇಂಜಿನ್ ಬ್ಲಾಕಿನ ನಡುವೆ ಅರ್ಧ ವೋಲ್ಟಿಗಿಂತ ಕಡಿಮೆ ಇತ್ತು. ಇಂಜಿನ್ನಿನ ಅರ್ಥೂ ಸರಿ. ಉಳಿದದ್ದು ಸೆನ್ಸರ್. ಸ್ಕ್ಯಾನರಿನಲ್ಲಿ ಆರ್‌ಪಿಎಂ ತೆರೆದಿಟ್ಟು ಸೆಲ್ಫ್ ಹೊಡೆಸಿದೆ. ಇನ್ನೂರರ ಆಸುಪಾಸು ಕಾಣಬೇಕಾದಲ್ಲಿ ಸೊನ್ನೆ. ಕ್ರ್ಯಾಂಕ್ ಸೆನ್ಸರಿನ ದೋಷ ತೋರಿಸುವ ಪಿ0335 ಕೋಡ್ ಕೂಡ ಕುಳಿತಿತ್ತು.

ಈ ಕೋಡ್ ಕಂಡ ಕೂಡಲೇ ಸೆನ್ಸರ್ ಆರ್ಡರ್ ಮಾಡುವವರಿದ್ದಾರೆ. ಕೋಡ್ ಹೇಳುವುದು ಇಡೀ ದಾರಿಯ ಬಗ್ಗೆ: ಸೆನ್ಸರ್, ಅದರಿಂದ ಹೊರಟ ವೈರು, ಎರಡೂ ತುದಿಯ ಕಪ್ಲರುಗಳು, ಕೊನೆಗೆ ಇಸಿಯು. ಅದು ಎರಡು ವೈರಿನ ಸೆನ್ಸರ್. ಕಪ್ಲರ್ ಬಿಚ್ಚಿ ಸೆನ್ಸರಿನ ಎರಡು ಪಿನ್ನುಗಳ ನಡುವೆ ಅಳೆದರೆ ಎಂಟುನೂರು ಓಮಿನಷ್ಟು ಬಂತು. ಈ ಬಗೆಯವು ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದೈನೂರರವರೆಗೆ ಇರುತ್ತವೆ. ಕಪ್ಲರ್ ಮತ್ತೆ ಹಾಕಿ, ಬ್ಯಾಟರಿಯ ನೆಗೆಟಿವ್ ಕಳಚಿ, ಇಸಿಯು ಕಡೆಯ ಕಪ್ಲರಿನಿಂದ ಅದೇ ಸೆನ್ಸರನ್ನು ಅಳೆದೆ. ಮೀಟರ್ ಅಲುಗಲಿಲ್ಲ. ಕೆಳಗೆ ವೈರನ್ನು ಮೆಲ್ಲಗೆ ಬಾಗಿಸಿದಾಗ ಒಂದು ಕ್ಷಣ ಎಂಟುನೂರು ತೋರಿಸಿ ಮತ್ತೆ ಮಾಯ. ಇಸಿಯು ಕಪ್ಲರಿನೊಳಗೆ ಮೀಟರಿನ ದಪ್ಪ ಮೊನೆ ತುರುಕಬೇಡಿ. ಪಿನ್ ಅಗಲವಾದರೆ ಇನ್ನೊಂದು ಲೂಸ್ ಸಂಪರ್ಕ ಹುಟ್ಟಿಕೊಳ್ಳುತ್ತದೆ. ನಾನು ಸಪೂರ ಸೂಜಿ ಬಳಸುತ್ತೇನೆ.

ಗೇರ್‌ಬಾಕ್ಸ್ ಇಂಜಿನ್ನಿಗೆ ಸೇರುವಲ್ಲಿ, ತಳಭಾಗದಲ್ಲಿ ಸೆನ್ಸರಿನ ಆ ಕಪ್ಲರ್. ರಸ್ತೆಯ ಕೆಸರು ನೀರು ನೇರ ಅಲ್ಲಿಗೇ ಎರಚುತ್ತದೆ. ಒಳಗಿನ ರಬ್ಬರ್ ಸೀಲ್ ಇರಲೇ ಇಲ್ಲ. ಹಿಂದೆ ಯಾರೋ ಬಿಚ್ಚಿ ಹಾಗೇ ಸಿಕ್ಕಿಸಿರಬೇಕು. ವೈರು ಪಿನ್ನಿಗೆ ಸೇರುವಲ್ಲಿ ಹಸಿರು ಪುಡಿ, ತಾಮ್ರದ ಒಂದೆರಡು ಎಳೆ ಮಾತ್ರ ಉಳಿದಿತ್ತು. ಕಡಲ ಬದಿಯ ಉಪ್ಪುಗಾಳಿ, ಅದರ ಮೇಲೆ ತಿಂಗಳುಗಟ್ಟಲೆ ಒದ್ದೆ. ನಮ್ಮಲ್ಲಿ ತಾಮ್ರ ಹೀಗೆಯೇ ಕರಗುವುದು. ಹಾಗಾಗಿ ಉಡುಪಿ, ಮಂಗಳೂರಿನ ಹಳೆಯ ಗಾಡಿಯಲ್ಲಿ ನಾನು ಪಾರ್ಟಿಗಿಂತ ಮೊದಲು ಜೋಡಣೆಗಳನ್ನು ಶಂಕಿಸುತ್ತೇನೆ.

ಕೊಳೆತ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದೆ. ಹೊಸ ಪಿನ್, ಹೊಸ ಸೀಲಿನ ಕಪ್ಲರಿಗೆ ಸ್ವಲ್ಪ ವೈರು ಸೇರಿಸಿ ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಅಂಟಿನ ಕೊಳವೆ ಎಳೆದೆ. ಬರಿಯ ಟೇಪ್ ಸುತ್ತಿದರೆ ಮುಂದಿನ ಮಳೆಗಾಲದ ಆಟಿ ತಿಂಗಳವರೆಗೂ ಬಾಳದು. ಸೀಲಿನ ಸುತ್ತ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್. ಈ ಸಾಮಗ್ರಿಗೆ ಆದ ಖರ್ಚು ಪಂಪಿನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು.

ಈಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಕಂಡಿತು, ಪಂಪಿನ ಸದ್ದು ಮುಂದುವರಿಯಿತು, ಒಮ್ಮೆ ಕೆಮ್ಮಿ ಇಂಜಿನ್ ಹಿಡಿದುಕೊಂಡಿತು. ಭಾವನ ಮುಖದಲ್ಲಿ ಕಂಡ ಸಮಾಧಾನ ನನಗೆ ದೊಡ್ಡದು. ಕಷ್ಟಪಟ್ಟು ಉಳಿಸಿದ ಹಣದಲ್ಲಿ ಕೊಂಡ ಕಾರು ಅದು. ತಿಂಗಳುಗಟ್ಟಲೆ ನಿಂತಿದ್ದರಿಂದ ಟ್ಯಾಂಕಿನ ಹಳೆ ಪೆಟ್ರೋಲನ್ನೂ ತೆಗೆಸಿದೆವು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೂ ಒಂದು ನೋಡಿ. ಪಂಪ್‌ವೆಲ್, ಕೊಟ್ಟಾರ ಚೌಕಿಯಂಥ ಕಡೆ ಜೋರು ಮಳೆಗೆ ರಸ್ತೆಯಲ್ಲೇ ನೀರು ನಿಲ್ಲುತ್ತದೆ. ಆ ನೀರಲ್ಲಿ ನಿಂತ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಮುಂದಿನ ಸೀಟಿನ ಅಡಿಯ ಕಾರ್ಪೆಟ್ ಎತ್ತಿಸಿ, ಅಲ್ಲಿ ಹಾದುಹೋಗುವ ವೈರಿನ ಒಂದು ಕಪ್ಲರನ್ನಾದರೂ ಬಿಚ್ಚಿಸಿ ನೋಡಿ. ಪಿನ್ನಿನಲ್ಲಿ ಹಸಿರು ಕಂಡರೆ ಇಡೀ ವೈರಿಂಗಿನ ಖರ್ಚು ಕಳೆದು ಬೆಲೆ ಮಾತಾಡಿ, ಇಲ್ಲವೇ ಬೇರೆ ಗಾಡಿ ನೋಡಿ.