ಟಕೀಲಾ ಟಾಕೊ ಡಿನ್ನರ್: ಒಂದು ಮೋಷನ್ ಟೈಮಿಂಗ್ ಕಥೆ

ಮಾರ್ಚ್ ಕೊನೆಯ ಶನಿವಾರ ನಾನು ಪಾಠ ಹೇಳುವ ಹುಡುಗ, ನಮ್ಮ ತಂಡದ ಕ್ವಾರ್ಟರ್‌ಬ್ಯಾಕ್ (ಆಟ ನಡೆಸುತ್ತಾ ಚೆಂಡು ಎಸೆಯುವವನು), ಇಂಡೋರ್ ಅಮೆರಿಕನ್ ಫುಟ್‌ಬಾಲಿನಲ್ಲಿ ಮೊದಲ ಪಂದ್ಯ ಆಡಿದ. 24 ಸಲ ಎಸೆದ, 15 ಕೈಸೇರಿದವು, 16 ಇದ್ದರೂ ಇರಬಹುದು. ಐದು ಟಚ್‌ಡೌನ್, ಅಂದರೆ ಚೆಂಡು ಎದುರಿನವರ ಕೊನೆಗೆರೆ ದಾಟಿದ್ದು. ಒಂದು ಇಂಟರ್‌ಸೆಪ್ಷನ್ (ಎಸೆದದ್ದು ಎದುರು ತಂಡದವನ ಕೈಸೇರಿತು), ಅದು ನನ್ನ ಖಾತೆಗೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಆದರೆ ನಾನು ಬೆರಳು ಮಡಚಿ ಎಣಿಸುತ್ತಾ ಕೂತಿದ್ದು ಬೇರೆಯದನ್ನು. ಇಡೀ ಪಂದ್ಯದಲ್ಲಿ ನಮ್ಮ ರಿಸೀವರ್‌ಗಳು (ಎಸೆದದ್ದನ್ನು ಹಿಡಿಯುವವರು) ಸ್ನ್ಯಾಪ್‌ಗೆ, ಅಂದರೆ ಚೆಂಡು ಎತ್ತಿ ಆಟ ಶುರುವಾಗುವುದಕ್ಕೆ, ಮುಂಚೆ ಚೆಂಡಿಟ್ಟ ಗೆರೆ ದಾಟಿದ್ದು ಒಂದೇ ಸಲ. ಹಿಂದಿನ ವರ್ಷ ಇದೇ ತಂಡಕ್ಕೆ ಪಂದ್ಯಕ್ಕೆ ಆರೇಳು ಸಲ ಇದಕ್ಕೆ ರೆಫರಿಯ ಹಳದಿ ಬಟ್ಟೆ, ಅಂದರೆ ದಂಡ, ಬೀಳುತ್ತಿತ್ತು.

ಇದನ್ನು ಬರೆಯೋಕೆ ಕಾರಣ, ಜನವರಿಯಲ್ಲಿ "ಮೋಷನ್ ಟೈಮಿಂಗ್‌ಗೆ ಮೃದಂಗದ ಸೊಲ್ಲು ಹೇಳಿಕೊಡುತ್ತೇನೆ" ಅಂದಾಗ ನಕ್ಕವರು. ರಿಸೀವರ್ ಓಡಿ ಬರುವುದನ್ನು ಸ್ನ್ಯಾಪ್‌ಗೆ ಸರಿಯಾಗಿ ಕೂಡಿಸುವುದೇ ಮೋಷನ್ ಟೈಮಿಂಗ್. ಹೆಡ್ ಕೋಚ್ ನಕ್ಕರು. "ಇದು ನಿಮ್ಮ ಯೋಗದ ತರಹವಾ?" ಅಂತ ಕೇಳಿದರು. ಇಲ್ಲೇ, ಅಮೆರಿಕದ ಅಯೋವಾ ರಾಜ್ಯದ ಡೆಮಾಯ್ನ್ ಸುತ್ತಮುತ್ತ, ಮಕ್ಕಳಿಗೆ ಫ್ಲ್ಯಾಗ್ ಫುಟ್‌ಬಾಲ್ ಕಲಿಸುವ ನಮ್ಮ ಕನ್ನಡದ ಗೆಳೆಯರೂ ನಕ್ಕರು, ಅವರು ಇನ್ನೂ ಜಾಸ್ತಿ. ಅವರು ಇದನ್ನು ಓದಲಿ.

ನನ್ನ ಬಗ್ಗೆ ಎರಡೇ ಮಾತು. ಮೈಸೂರಲ್ಲಿ ಆರು ವರ್ಷ ಮೃದಂಗ ಕಲಿತೆ, ಕಚೇರಿಯ ಮಟ್ಟಕ್ಕೆ ಬರಲಿಲ್ಲ. ಇಲ್ಲಿ ಎಲ್ಲರ ಹಾಗೆ ಇನ್ಶೂರೆನ್ಸ್ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಮಗನ ತಂಡಕ್ಕೆ ನೀರಿನ ಬಾಟಲಿ ಹೊರಲು ಹೋದವನು, ಈಗ ಹತ್ತು ವರ್ಷದಿಂದ ಶನಿವಾರ ಭಾನುವಾರ ಕ್ವಾರ್ಟರ್‌ಬ್ಯಾಕ್‌ಗಳಿಗೆ ಪಾಠ ಹೇಳುತ್ತೇನೆ.

ಹುಡುಗ ಡಿವಿಷನ್ ಟೂ (ಕಾಲೇಜು ಆಟದ ಎರಡನೇ ದರ್ಜೆ) ಕಾಲೇಜೊಂದರಲ್ಲಿ ಮೂರು ವರ್ಷ ಸ್ಟಾರ್ಟರ್, ಅಂದರೆ ಪಂದ್ಯದ ಶುರುವಿನಿಂದಲೇ ಆಡುವವನು, ಆಗಿದ್ದವನು. ಒಳ್ಳೆ ಕೈ. ದೂರ ಎಸೆಯುತ್ತಾನೆ, ಅದೇ ಅವನ ರೋಗ ಕೂಡ. ಡಿಗ್ರಿ ಮುಗಿದ ಮೇಲೆ ಗೋದಾಮಿನಲ್ಲಿ ರಾತ್ರಿ ಪಾಳಿ. ಎರಡು ಇಂಡೋರ್ ಟ್ರೈಔಟ್‌ಗಳಲ್ಲಿ ವಾಪಸ್ ಕಳಿಸಿದ್ದರು. ಅಯೋವಾದಲ್ಲಿ ಇಂಥ ಪ್ರತಿ ಹುಡುಗನ ಜೇಬಿನಲ್ಲೂ ಒಂದು ಕರ್ಟ್ ವಾರ್ನರ್ ಕಥೆ ಇರುತ್ತದೆ. ಸೀಡರ್ ಫಾಲ್ಸ್‌ನ ಹೈವೀ ಅಂಗಡಿಯಲ್ಲಿ ಗಂಟೆಗೆ ಐದೂವರೆ ಡಾಲರ್‌ಗೆ ಸಾಮಾನು ಜೋಡಿಸುತ್ತಿದ್ದ, 1995ರಿಂದ 97ರವರೆಗೆ ಅಯೋವಾ ಬಾರ್ನ್‌ಸ್ಟಾರ್ಮರ್ಸ್‌ಗೆ ಅರೀನಾ ಫುಟ್‌ಬಾಲ್ (ಒಳಾಂಗಣದ ಆಟ) ಆಡಿದ, 1999ರ ಸೀಸನ್‌ನಲ್ಲಿ ರ್‍ಯಾಮ್ಸ್ ತಂಡದ ಜೊತೆ ದೊಡ್ಡ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ನಮ್ಮ ಹುಡುಗ ಮೊದಲ ದಿನವೇ ಅದನ್ನು ಶುರು ಮಾಡಿದ. "ಆ ಕಥೆ ನನಗೂ ಬಾಯಿಪಾಠ, ಮೊದಲು ಕಾಲು ತೋರಿಸು" ಅಂದೆ.

ಸಮಸ್ಯೆ ಏನು ಅಂದರೆ, ಹೊರಗೆ 53 ಗಜ ಅಗಲದಲ್ಲಿ ಆಡಿ ಬಂದವನಿಗೆ ಇಲ್ಲಿ 28 ಗಜ. ಉದ್ದ 50. ಬದಿಗೆರೆ ಅಂದರೆ ಗೋಡೆ. ಕಾಲೇಜಿನಲ್ಲಿ ರಿಸೀವರ್ ಗೆರೆಯ ಮೇಲೆ ನಿಂತಿರುತ್ತಾನೆ, ಸ್ನ್ಯಾಪ್ ಆದಮೇಲೆ ಓಡುತ್ತಾನೆ, ಹುಡುಗ ನಿಧಾನವಾಗಿ ನೋಡುತ್ತಾನೆ. ಇಲ್ಲಿ ರಿಸೀವರ್ ಹಿಂದಿನಿಂದ ಓಡಿ ಬಂದು ಪೂರ್ತಿ ವೇಗದಲ್ಲಿ ಗೆರೆ ಮುಟ್ಟುವ ಹೊತ್ತಿಗೆ ಸ್ನ್ಯಾಪ್ ಆಗಬೇಕು. ಹಳೆ ಅರೀನಾ ನಿಯಮದಲ್ಲಿ ಒಬ್ಬನಿಗೆ ಮಾತ್ರ ಹಾಗೆ ಮುಂದೆ ಓಡಿ ಬರೋಕೆ ಬಿಡುತ್ತಿದ್ದರು, ನಮ್ಮ ಲೀಗಿನಲ್ಲಿ ಇಬ್ಬರು ಬರಬಹುದು. ಇಬ್ಬರು ಬೇರೆ ಬೇರೆ ದೂರದಿಂದ ಹೊರಟು ಒಂದೇ ಕ್ಷಣಕ್ಕೆ ಗೆರೆಗೆ ಬರಬೇಕು. ಅರ್ಧ ಗಜ ಮುಂದಾದರೆ ದಂಡ. ಅರ್ಧ ಗಜ ಹಿಂದಾದರೆ ಓಡಿ ಬಂದ ಲಾಭವೇ ಇಲ್ಲ.

ಎಲ್ಲರೂ ಮಾಡುವುದು, ಕ್ವಾರ್ಟರ್‌ಬ್ಯಾಕ್ ಕಣ್ಣಲ್ಲಿ ನೋಡಿಕೊಂಡು ಕೂಗುವುದು. ಒಬ್ಬನಿದ್ದರೆ ಸರಿ. ಇಬ್ಬರು ಎರಡು ಕಡೆಯಿಂದ ಬಂದರೆ ಯಾರನ್ನು ನೋಡುತ್ತಾನೆ? ಅವನು ಎದುರಿನ ಡಿಫೆನ್ಸ್ ಏನು ಮಾಡುತ್ತೆ ಅಂತಲೂ ಓದಬೇಕಲ್ವಾ? ನನ್ನ ಹುಡುಗ ಮೊದಲ ವಾರ ಹತ್ತರಲ್ಲಿ ಏಳು ಸಲ ತಪ್ಪಿದ.

ಆ ರಾತ್ರಿ ಕಾರಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ಸ್ಟೀರಿಂಗ್ ಮೇಲೆ ಸುಮ್ನೆ ಮಿಶ್ರ ಛಾಪು, ಏಳು ಅಕ್ಷರದ ತಾಳ, ಬಾರಿಸುತ್ತಿದ್ದೆ. ತಕಿಟ ತಕಧಿಮಿ. ಮೂರು, ನಾಲ್ಕು. ದೂರದವನು ಮೊದಲ 'ತ'ಕ್ಕೆ ಹೊರಡಲಿ. ಹತ್ತಿರದವನು ಎರಡನೇ 'ತ'ಕ್ಕೆ ಹೊರಡಲಿ. ಸಮಕ್ಕೆ, ಅಂದರೆ ಏಳು ಮುಗಿದು ತಾಳ ಮತ್ತೆ ಶುರುವಾಗುವ ಪೆಟ್ಟಿಗೆ, ಸ್ನ್ಯಾಪ್. ಸೆಕೆಂಡಿಗೆ ನಾಲ್ಕು ಅಕ್ಷರದ ಲೆಕ್ಕ ಇಟ್ಟರೆ ದೂರದವನಿಗೆ ಒಂದೂಮುಕ್ಕಾಲು ಸೆಕೆಂಡು, ಹತ್ತಿರದವನಿಗೆ ಒಂದು ಸೆಕೆಂಡು. ನಿಂತ ಜಾಗದಿಂದ ಹತ್ತು ಗಜ ಓಡೋಕೂ ಐದು ಗಜ ಓಡೋಕೂ ಈ ಹುಡುಗರಿಗೆ ಹೆಚ್ಚುಕಮ್ಮಿ ಅಷ್ಟೇ ಬೇಕು. ಮನೆಗೆ ಬಂದು ಸ್ಟಾಪ್‌ವಾಚ್ ವಿಡಿಯೋಗಳನ್ನು ತೆಗೆದು ನೋಡಿದೆ, ಕೂದಲೆಳೆ ವ್ಯತ್ಯಾಸ. ರಾತ್ರಿ ಒಂದು ಗಂಟೆ. ಹೆಂಡತಿ ಎದ್ದು ಬಂದು "ರೀ, ಚಪ್ಪಾಳೆ ನಿಲ್ಲಿಸ್ತೀರಾ?" ಅಂದಳು.

ಅಭ್ಯಾಸಕ್ಕೆ ಜಾಗ ಬೇಕಿತ್ತು. ಅರೀನಾ ನಮಗೆ ಸಿಗುವುದಿಲ್ಲ, ತಂಡಕ್ಕೇ ವಾರಕ್ಕೆ ಮೂರು ದಿನ. ಊರಾಚೆ ಒಂದು ಹಳೆ ರೋಲರ್ ಹಾಕಿ ರಿಂಕ್ ಇದೆ. ಗೋಡೆ ಸರಿಯಾದ ಎತ್ತರ, ಅಗಲ ಸುಮಾರು ಸರಿ. ಬೆಳಿಗ್ಗೆ 5 ಗಂಟೆಗಾದರೆ ಗಂಟೆಗೆ 65 ಡಾಲರ್. ಸುಮಾರು 30 ಗಂಟೆ ತಗೊಂಡೆ. ಗೋಡೆಗೆ ಒರಗಿಸೋಕೆ ಎಂಟು ಸೆಕೆಂಡ್ ಹ್ಯಾಂಡ್ ಫೋಮ್ ಹಾಸಿಗೆ, ಒಂದಕ್ಕೆ 25. ಹಳೆ ಚೆಂಡು ಐದು, ಅವು ತಲಾ 40. ಪೆಟ್ರೋಲ್ ಬೇರೆ. ಎಲ್ಲಾ ಸೇರಿ ಎರಡೂವರೆ ಸಾವಿರ ಮುಟ್ಟಿತು. ತಂಡ ನನಗೆ ಸೀಸನ್‌ಗೆ ಕೊಡುವುದು 600. ಹುಡುಗನಿಗೆ ಪಂದ್ಯಕ್ಕೆ ಇನ್ನೂರ ಚಿಲ್ಲರೆ, ಮತ್ತೆ ನಾಲ್ಕು ಜನರ ಜೊತೆ ಒಂದು ಅಪಾರ್ಟ್‌ಮೆಂಟು. ಇದನ್ನು ದುಡ್ಡಿಗೆ ಮಾಡುವವರು ಯಾರೂ ಇಲ್ಲ. ಮನೆಯಲ್ಲಿ ನಾನು ಹೇಳಿದ ಲೆಕ್ಕ ಎರಡೂವರೆ ಸಾವಿರ ಅಲ್ಲ, ಅದು ಬೇರೆ ವಿಷಯ.

ಮೊದಲ ಪ್ರಯೋಗ ನೆಲಕಚ್ಚಿತು. ನಾನು ಫೋನಿನಲ್ಲಿ ಡ್ರಮ್ ಪ್ಯಾಡ್ ಆ್ಯಪ್ ಹಾಕಿಕೊಂಡು, ರಿಸೀವರ್ ಹೊರಡುವುದನ್ನು ನೋಡಿ ಬೆರಳಲ್ಲಿ ಒತ್ತುತ್ತಿದ್ದೆ, ಬ್ಲೂಟೂತ್ ಸ್ಪೀಕರ್‌ನಲ್ಲಿ ಶಬ್ದ ಬರಬೇಕು. ಎಲ್ಲರೂ ತಡ. ಎರಡು ಬೆಳಿಗ್ಗೆ ಹುಡುಗರನ್ನೇ ಬೈದೆ. ಮೂರನೇ ದಿನ ಗೊತ್ತಾಯಿತು, ತಡ ಆಗುತ್ತಿರುವುದು ಸ್ಪೀಕರ್. ಬ್ಲೂಟೂತ್ ಶಬ್ದ ಒತ್ತಿದ ಮೇಲೆ ಸುಮಾರು ಕಾಲು ಸೆಕೆಂಡು ಬಿಟ್ಟು ಬರುತ್ತಿತ್ತು. ಕಾಲು ಸೆಕೆಂಡು ಅಂದರೆ ನಮ್ಮ ಲೆಕ್ಕದಲ್ಲಿ ಪೂರಾ ಒಂದು ಅಕ್ಷರ, ಓಡುವವನಿಗೆ ಒಂದೂವರೆ ಗಜ. ಕ್ಷಮೆ ಕೇಳಿ, ತಂತಿಯ ಸ್ಪೀಕರ್ ತಂದೆ. ಆಮೇಲೆ ಅದನ್ನೂ ಬಿಟ್ಟು ಕೈಚಪ್ಪಾಳೆಗೆ ಬಂದೆ. 130 ಡಾಲರ್ ಸ್ಪೀಕರ್ ಈಗ ಅಡುಗೆಮನೆಯಲ್ಲಿದೆ.

ಎರಡನೇ ತೊಂದರೆ ಬಾಯಿಯದು. ತಕಿಟ, ತಕಧಿಮಿ ಈ ಹುಡುಗರ ನಾಲಿಗೆಗೆ ಹತ್ತಲೇ ಇಲ್ಲ. 130 ಕೆಜಿಯ ಸೆಂಟರ್ (ಸ್ನ್ಯಾಪ್‌ನಲ್ಲಿ ಚೆಂಡು ಎತ್ತಿಕೊಡುವವನು) ಒಬ್ಬ, ಒಳ್ಳೆಯವನು, ಎರಡು ದಿನ ಒದ್ದಾಡಿ "ಕೋಚ್, ನನಗೆ ಇದು ಟಾಕೊ ಡಿನ್ನರ್ ಅಂತ ಕೇಳಿಸುತ್ತೆ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಟಾ, ಕೊ, ಡಿನ್, ನರ್. ನಾಲ್ಕು! ಹಾಗಾದರೆ ಮೂರಕ್ಕೆ? ಇನ್ನೊಬ್ಬ ಹಿಂದಿನಿಂದ "ಟಕೀಲಾ" ಅಂತ ಕೂಗಿದ. ಅಲ್ಲಿಗೆ ನನ್ನ ಮಿಶ್ರ ಛಾಪು ಟಕೀಲಾ ಟಾಕೊ ಡಿನ್ನರ್ ಆಯಿತು. ನನ್ನ ಮೇಷ್ಟ್ರು ಕೇಳಿದ್ದರೆ ಮೃದಂಗ ಕಿತ್ತುಕೊಳ್ಳುತ್ತಿದ್ದರು.

ಆದರೆ ಟಕೀಲಾದಲ್ಲಿ ಒಂದು ಮೋಸ ಇದೆ. ಇವರು 'ಕೀ' ಎಳೆಯುತ್ತಾರೆ. ಎಳೆದಷ್ಟೂ ಹತ್ತಿರದ ರಿಸೀವರ್ ತಡವಾಗಿ ಹೊರಡುತ್ತಾನೆ. ಒಂದು ವಾರ ಬರೀ ಅದನ್ನು ಮೊಟಕು ಮಾಡಿಸೋಕೆ ಹೋಯಿತು. ಒಂದೊಂದು ಅಕ್ಷರಕ್ಕೆ ಟೆನಿಸ್ ಚೆಂಡು ನೆಲಕ್ಕೆ ಕುಟ್ಟಿಸಿದೆ, ಬಾಯಲ್ಲಿ ಹೇಳುತ್ತಾ, ರಿಂಕ್ ತುಂಬಾ ನಡೆಯುತ್ತಾ. ಮೃದಂಗ ಕಲಿತವರಿಗೆ ಗೊತ್ತು, ಹೊಸಬರ ಲಯ ಓಡುತ್ತದೆ. ಇವರದೂ ಓಡುತ್ತಿತ್ತು. ಮೇಷ್ಟ್ರು ನನಗೆ ಹೇಳುತ್ತಿದ್ದದ್ದನ್ನೇ ಇವರಿಗೆ ಹೇಳಿದೆ, "ಓಡಬೇಡ, ಕೂತ್ಕೋ". ಓಡುವುದೇ ಕೆಲಸವಾದವರಿಗೆ ಅದು ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡಿಯಿತು.

ಮಧ್ಯೆ ಕೆಲವು ಅಡ್ಡದಾರಿ. ರಿಂಕಿನ ಪೈಪಿಗೆ ಹಳೆ ಬೆಡ್‌ಶೀಟ್ ಕಟ್ಟಿ, ತೂತು ಕತ್ತರಿಸಿ, ಅದರೊಳಗೆ ಎಸೆಯಿಸಿದೆ, ದೂರ ಎಸೆಯುವ ಚಟ ಬಿಡಿಸೋಕೆ. ಚಟ ಬಿಡಲಿಲ್ಲ, ಪೈಪು ಬಗ್ಗಿತು. ಒದ್ದೆ ಟೆನಿಸ್ ಚೆಂಡು ಗೋಡೆಗೆ ಹೊಡೆದು ಹಿಡಿಯಿಸಿದೆ, ನಮ್ಮ ಗಲ್ಲಿ ಕ್ರಿಕೆಟ್ ತರಹ. ಇದರಿಂದ ರಿಸೀವರ್‌ಗಳಿಗೆ ಗೋಡೆಯ ಭಯ ಸ್ವಲ್ಪ ಹೋಯಿತು ಅಂತ ನನ್ನ ನಂಬಿಕೆ, ಹೆಡ್ ಕೋಚ್ ಒಪ್ಪುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಸ್ನ್ಯಾಪ್ ಕರೆಸಿದ್ದು ಮಾತ್ರ ಬಂಗಾರ. ನೋಡದೆ ಎಣಿಸಿದಾಗ ಹುಡುಗ ಹತ್ತಕ್ಕೆ ಒಂಬತ್ತು ಸರಿ ಮಾಡಿದ. ನೋಡಿಕೊಂಡು ಆರು. ಅಂದರೆ ಕಣ್ಣೇ ಅವನನ್ನು ಕೆಡಿಸುತ್ತಿತ್ತು.

ಪಂದ್ಯದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಹುಡುಗ ಹಿಮ್ಮಡಿ ಎತ್ತುತ್ತಾನೆ, ಅಲ್ಲಿಂದ ಎಲ್ಲರೂ ಒಳಗೊಳಗೇ ಎಣಿಸುತ್ತಾರೆ. ಮುಚ್ಚಿದ ಅರೀನಾದಲ್ಲಿ ಕಿವಿ ಕಿತ್ತು ಹೋಗುವ ಗದ್ದಲ ಇದ್ದರೂ ಪರವಾಗಿಲ್ಲ. ಸಮ ಎಲ್ಲಿ ಬರುತ್ತೆ ಅಂತ ಗೊತ್ತಿದ್ದರೆ ಸೆಂಟರ್ ಕೇಳಿಸಿಕೊಂಡು ಚೆಂಡು ಎತ್ತುವುದಲ್ಲ, ಎಲ್ಲರ ಜೊತೆಗೇ ಸಮಕ್ಕೆ ಬೀಳುತ್ತಾನೆ. ಆದರೆ ಸೆಂಟರ್‌ಗೆ ತಲೆ ಬಗ್ಗಿದಾಗ ಹಿಮ್ಮಡಿ ಕಾಣಲ್ಲವಲ್ಲ, ಅವನಿಗೆ ಹೇಗೆ ಗೊತ್ತಾಗುತ್ತೆ? ಅದನ್ನು ಹೇಳುವುದಿಲ್ಲ. ಎದುರು ತಂಡದವರು ಹಿಮ್ಮಡಿ ನೋಡಿಕೊಂಡು ಬ್ಲಿಟ್ಜ್ ಮಾಡದ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗದ) ಹಾಗೆ ಏನು ಮಾಡಿದೆವು ಅನ್ನುವುದನ್ನೂ ಹೇಳುವುದಿಲ್ಲ. ಎರಡೂವರೆ ಸಾವಿರ ಡಾಲರ್ ನನ್ನದು.

ಪಂದ್ಯಕ್ಕೆ ಬರೋಣ. ಮೊದಲ ಎಸೆತ ಮೂರನೇ ಸಾಲಿನ ಕುರ್ಚಿಗೆ. ಟೈಮಿಂಗ್ ಸರಿ, ರಿಸೀವರ್ ಸರಿ, ಹುಡುಗ ಕಾಲೇಜಿನ ಮೈದಾನದಲ್ಲಿದ್ದೇನೆ ಅಂದುಕೊಂಡು ಹತ್ತು ಗಜ ಜಾಸ್ತಿ ಗಾಳಿಗೆ ಬಿಟ್ಟ. ಒಬ್ಬ ಪುಟ್ಟ ಹುಡುಗ ಹಿಡಿದ. ಇಲ್ಲಿ ಜನರ ಮಧ್ಯೆ ಬಿದ್ದ ಚೆಂಡು ಜನರದೇ, ವಾಪಸ್ ಬರುವುದಿಲ್ಲ. ಅಂದು ಹುಡುಗ ನಾಲ್ಕು ಚೆಂಡು ದಾನ ಮಾಡಿದ, ಮ್ಯಾನೇಜರ್ ಮುಖ ನೋಡಬೇಕಿತ್ತು. ಎರಡನೇ ಸಲ ಚೆಂಡು ಸಿಕ್ಕಾಗ ಅವನು ನನ್ನ ಕಡೆ ನೋಡಿದ. ನಾನು ತೊಡೆ ಮೇಲೆ ನಿಧಾನವಾಗಿ ತಟ್ಟಿದೆ, ಅಷ್ಟೇ. ಹಿಮ್ಮಡಿ ಎದ್ದಿತು. ದೂರದವನು ಹೊರಟ. ಟಕೀಲಾ ಮುಗಿಯಿತು, ಹತ್ತಿರದವನು ಹೊರಟ. ಇಬ್ಬರ ಮೂಗೂ ಗೆರೆಗೆ ಒಂದೇ ಸಲ ಬಂತು, ಚೆಂಡು ಎದ್ದಿತು, ರಿಸೀವರ್‌ನನ್ನು ತಡೆಯಬೇಕಾದ ಎದುರಿನ ಡಿಫೆನ್ಸಿವ್ ಬ್ಯಾಕ್ ಇನ್ನೂ ಸೊಂಟ ತಿರುಗಿಸುತ್ತಿದ್ದ. ಗೋಡೆ ಪಕ್ಕದಲ್ಲಿ ಟಚ್‌ಡೌನ್. ರಿಸೀವರ್ ಹಾಗೇ ಗೋಡೆ ಮೇಲಿಂದ ಯಾರದೋ ಪಾಪ್‌ಕಾರ್ನ್ ಒಳಗೆ ಬಿದ್ದ. ಹೆಡ್ ಕೋಚ್ ನನ್ನ ಕಡೆ ತಿರುಗಿ ಹುಬ್ಬು ಎತ್ತಿದರು. ಅದು ನನಗೆ 600 ಡಾಲರ್‌ಗಿಂತ ಜಾಸ್ತಿ.

ಈಗ ಆ ಇಂಟರ್‌ಸೆಪ್ಷನ್. ಹಾಫ್‌ಟೈಮ್‌ನಲ್ಲಿ ನನಗೆ ತಲೆ ತಿರುಗಿತ್ತು, ಎಲ್ಲವೂ ನಡೆಯುತ್ತಿದೆಯಲ್ಲ ಅಂತ. "ಈಗ ಎರಡನೇ ಕಾಲ ಮಾಡೋಣ, ವೇಗ ಇಮ್ಮಡಿ" ಅಂದೆ. ಅಭ್ಯಾಸದಲ್ಲಿ ಎರಡು ಸಲ ಮಾತ್ರ ಮಾಡಿದ್ದೆವು. ಬಾಯಿ ಇಮ್ಮಡಿ ವೇಗದಲ್ಲಿ ಎಣಿಸಬಹುದು, ಕಾಲು ಇಮ್ಮಡಿ ವೇಗದಲ್ಲಿ ಓಡೋಕಾಗುತ್ತಾ? ದೂರದವನು ಅರ್ಧ ದಾರಿಯಲ್ಲಿದ್ದಾಗಲೇ ಸ್ನ್ಯಾಪ್. ಹುಡುಗ ಅವನು ಇರಬೇಕಾದ ಜಾಗಕ್ಕೆ ಎಸೆದ. ಅಲ್ಲಿ ಎದುರು ತಂಡದವನು ಒಬ್ಬನೇ ಆರಾಮಾಗಿ ನಿಂತಿದ್ದ. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂತೆ. ಮೂರು ಪಾಯಿಂಟ್‌ನಿಂದ ಗೆದ್ದೆವು. ಸ್ಕೋರ್ 51-48 ಅಂತ ನೆನಪು.

ಮುಂದಿನ ಪಂದ್ಯದಲ್ಲಿ ಮೂರನೇ ಕ್ವಾರ್ಟರ್ ಹೊತ್ತಿಗೆ ಎದುರು ಲೈನ್‌ಬ್ಯಾಕರ್ ಒಬ್ಬ ಏಳರ ಲೆಕ್ಕ ಹಿಡಿದುಬಿಟ್ಟ. ನೇರವಾಗಿ ಸಮಕ್ಕೆ ನುಗ್ಗುತ್ತಿದ್ದ, ಬೇಕಿದ್ದರೆ ನಾನೇ ಅವನಿಗೆ ಪಕ್ಕವಾದ್ಯ ಕಲಿಸುತ್ತಿದ್ದೆ. ಹಾಗಾಗಿ ಈಗ ಖಂಡ ಛಾಪು ಸೇರಿಸುತ್ತಿದ್ದೇವೆ, ತಕ ತಕಿಟ, ಐದು. ಗಜಗಳ ಲೆಕ್ಕ ಬದಲಾಗುತ್ತದೆ, ಎಲ್ಲಿಂದ ಹೊರಡಬೇಕು ಅನ್ನುವ ಗುರುತಿನ ಟೇಪು ಹೊಸದಾಗಿ ಅಂಟಿಸಿದ್ದೇನೆ. ರಿಂಕಿನವನಿಗೆ ಇನ್ನೂ ಮೂರು ಗಂಟೆಯ ಬಾಡಿಗೆ, ಮತ್ತೆ ಆ ಪೈಪಿನ ದುಡ್ಡು ಬಾಕಿ.

ಲೈನ್‌ಮನ್‌ಗಳು ಐದಕ್ಕೆ ಹೊಸ ತಿಂಡಿ ಹುಡುಕುತ್ತಿದ್ದಾರೆ. ನಾನು "ಇಡ್ಲಿ ಸಾಂಬಾರು" ಅಂದೆ. ಎರಡು, ಮೂರು, ಲೆಕ್ಕ ಸರಿಯಾಗಿದೆ. ತಿನ್ನದೇ ಇರುವುದರ ಹೆಸರು ಬಾಯಿಗೆ ಬರಲ್ಲ ಕೋಚ್ ಅಂತ ಸೆಂಟರ್ ತಕರಾರು. ಸರಿ, ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಮನೆಗೆ ಕರೆದಿದ್ದೇನೆ. ಹನ್ನೊಂದು ಜನ. ಹೆಂಡತಿ ಡಬ್ಬದ ಮುಚ್ಚಳ ತೆಗೆದುಕೊಂಡು ನಿಂತಿದ್ದಾಳೆ, "ರೀ, ಅಕ್ಕಿ ಎಷ್ಟು ನೆನೆಹಾಕ್ಲಿ?"