ಅಪ್ಪನಿಗೆ ಹುಷಾರಿಲ್ಲ ಅಂತ ಅವರ ಹಳೇ ಗೆಳೆಯರಿಗೆ ಹೇಳೋದು ಹೇಗೆ?

ಹೋದ ವರ್ಷ ನಮ್ಮಪ್ಪನ ರಕ್ತದಲ್ಲಿ ಸೋಡಿಯಂ, ಅಂದ್ರೆ ಉಪ್ಪಿನಂಶ, 118ಕ್ಕೆ ಇಳಿದು ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿದ್ವಿ. ಸಾಗರದಲ್ಲಿರೋ ಅವರ ಗೆಳೆಯ ಮೇಷ್ಟ್ರಿಗೆ ನನ್ನ ತಮ್ಮ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ "ಮೇಷ್ಟ್ರೇ, ಅಪ್ಪ..." ಅಂದವನೇ ಗಂಟಲು ಕಟ್ಟಿ ಸುಮ್ಮನಾದ, ಅಷ್ಟರಲ್ಲಿ ಲೈನೂ ಕಟ್ಟಾಯ್ತು. ಮೇಷ್ಟ್ರಿಗೂ 80 ದಾಟಿದೆ, ಬಿಪಿ ಬೇರೆ. ಗೆಳೆಯ ಹೋಗೇಬಿಟ್ಟ ಅಂದ್ಕೊಂಡು ಬೆಳಗಿನವರೆಗೂ ಕೂತೇ ಇದ್ರಂತೆ. ಇನ್ಯಾರಿಗೂ ಹೀಗಾಗಬಾರದು.

1. ಅಪ್ಪನಿಗೆ ಎಚ್ಚರ ಇದ್ರೆ ಮೊದಲು ಅವರನ್ನೇ ಕೇಳಿ, ಹೇಳ್ಲಾ ಬೇಡ್ವಾ ಅಂತ.

2. ಯಾವ ಆಸ್ಪತ್ರೆ, ವಾರ್ಡೋ ಐಸಿಯುನೋ, ಡಾಕ್ಟರ್ ಏನಂದ್ರು, ಮೂರನ್ನೂ ಚೀಟೀಲಿ ಬರ್ಕೊಳ್ಳಿ.

3. ಬೆಳಗ್ಗೆ ತಿಂಡಿ ಆದ್ಮೇಲೆ, ಮನೇಲಿ ಅವರ ಜೊತೆ ಯಾರಾದ್ರೂ ಇರೋ ಹೊತ್ತಿಗೆ ಫೋನ್ ಮಾಡಿ. ವಾಟ್ಸಾಪ್ ಬೇಡವೇ ಬೇಡ. ಮೂಗಿಗೆ ಪೈಪ್ ಹಾಕಿರೋ ಫೋಟೋ ಅಂತೂ ಯಾರಿಗೂ ಕಳಿಸ್ಬೇಡಿ. ಮಾತಾಡಿದ್ದನ್ನ ಮೊಬೈಲೇ ಟೈಪ್ ಮಾಡ್ಕೊಳ್ಳೋ ಸೌಲಭ್ಯನೂ ನಂಬಬೇಡಿ, ನಮ್ಮತ್ತಿಗೆ "ಹುಷಾರಿಲ್ಲ" ಅಂದಿದ್ದು "ಹುಷಾರು" ಅಂತ ಹೋಗಿತ್ತು.

4. ಎಲ್ಲರೂ ಎಡವೋದು ಮೊದಲ ವಾಕ್ಯದಲ್ಲಿ. ನಮ್ಮ ಭಾಷೇಲಿ ಏನಾಯ್ತು ಅನ್ನೋದು ವಾಕ್ಯದ ಕೊನೇಲಿ ಬರುತ್ತೆ, "ಅಪ್ಪ ನಿನ್ನೆ ರಾತ್ರಿ ಇದ್ದಕ್ಕಿದ್ದ ಹಾಗೆ..." ಅಂತ ಎಳೀತಾ ಹೋದ್ರೆ ಆ ಕಡೆ ಇರೋರ ಜೀವ ಬಾಯಿಗೆ ಬಂದಿರುತ್ತೆ. ಅದಕ್ಕೇ ಸಣ್ಣ ಸಣ್ಣ ವಾಕ್ಯ ಮಾಡಿ, ಇರೋ ಒಳ್ಳೇದನ್ನ ಮೊದಲು ಹೇಳಿ: "ಮೇಷ್ಟ್ರೇ, ಅಪ್ಪ ಇದಾರೆ. ಗಂಜಿ ಕುಡೀತಿದಾರೆ. ಹುಷಾರಿಲ್ಲ ಅಂತ ಆಸ್ಪತ್ರೆಗೆ ಸೇರ್ಸಿದೀವಿ." ಇಷ್ಟಾದ್ಮೇಲೆ ಅವರು ಉಸಿರು ಬಿಡೋದು ಕೇಳ್ಸುತ್ತೆ, ಅಲ್ಲೀವರೆಗೂ ಸುಮ್ನಿರಿ. "ಸೀರಿಯಸ್" ಅನ್ನೋ ಪದ ಬಳಸ್ಲೇಬೇಡಿ, ನಮ್ಮ ಕಡೆ ಅದಕ್ಕೆ ಒಂದೇ ಅರ್ಥ.

"ಯಾರನ್ನೂ ಗುರುತು ಹಿಡೀತಿಲ್ಲ" ಅಂತ ಹೇಳಿ ಅಲ್ಲಿಗೇ ನಿಲ್ಲಿಸ್ಬೇಡಿ, ಯಾಕೆ ಅಂತಾನೂ ಹೇಳಿ. ನಮ್ಮಪ್ಪನಿಗಾದ ಹಾಗೆ ಸೋಡಿಯಂ ಇಳಿದಿದ್ರೆ ಹೀಗೆ ಹೇಳ್ಬಹುದು: ರಕ್ತದಲ್ಲಿ ಅದು 135ರಿಂದ 145ರ ಒಳಗಿರ್ಬೇಕು, ತೀರಾ ಇಳಿದ್ರೆ ಮಿದುಳಿಗೆ ನೀರು ಸೇರಿ ಏನೇನೋ ಮಾತಾಡ್ತಾರೆ, ಅದನ್ನ ಒಂದೇ ಸಲ ಏರಿಸಿದ್ರೆ ಮಿದುಳಿಗೇ ಅಪಾಯ, ಹಾಗಾಗಿ ಡಾಕ್ಟ್ರು ನಿಧಾನಕ್ಕೆ ಏರಿಸ್ತಾರೆ. ಅದಕ್ಕೇ "ನಾಳೆ ಸರಿಹೋಗ್ತಾರೆ" ಅಂತ ಮಾತು ಕೊಡ್ಬೇಡಿ. ಬಿಪಿಗೆ ಕೊಡೋ, ಮೂತ್ರ ಜಾಸ್ತಿ ಮಾಡೋ ಕೆಲವು ಮಾತ್ರೆಯಿಂದ್ಲೂ ಹೀಗಾಗುತ್ತೆ. ನಾನು ಇದನ್ನ ಹೇಳಿದಾಗ ಮೇಷ್ಟ್ರು ತಕ್ಷಣ "ನಾನೂ ಅದನ್ನೇ ನುಂಗ್ತೀನಲ್ಲೋ" ಅಂದ್ರು. ಹೀಗೆ ಕೇಳಿದ್ರೆ, ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟರ್‌ನ ಕೇಳಿ ಅಂತ ಒತ್ತಿ ಹೇಳಿ.

5. "ಒಂದ್ಸಲ ಬಂದು ನೋಡ್ಕೊಂಡು ಹೋಗಿ" ಅನ್ನೋಕೆ ಮುಂಚೆ ಯೋಚ್ನೆ ಮಾಡಿ. ಹಿರಿಯರಿಗೆ ಇದು ಕೊನೇ ಸಲ ನೋಡೋಕೆ ಕರೆದ ಹಾಗೆ ಕೇಳ್ಸುತ್ತೆ. ಅಂಥ ಸ್ಥಿತಿ ಇಲ್ಲದಿದ್ರೆ "ಅವಸರ ಇಲ್ಲ, ಮನೆಗೆ ಬಂದ್ಮೇಲೆ ಬನ್ನಿ" ಅನ್ನಿ. ನಿಜವಾಗ್ಲೂ ಕಷ್ಟ ಇದ್ರೆ ಮುಚ್ಚಿಡ್ಬೇಡಿ, "ಇವತ್ತೇ ಬಂದ್ರೆ ಒಳ್ಳೇದು" ಅಂತ ನೇರವಾಗಿ ಹೇಳಿ. ಐವತ್ತು ವರ್ಷದ ಸ್ನೇಹ, ನೋಡೋ ಹಕ್ಕು ಅವರಿಗಿದೆ.

6. ಮತ್ತೆ ಯಾವಾಗ ಮಾಡ್ತೀರಿ ಅಂತ ಹೇಳಿ, ಹೊಸದೇನೂ ಇಲ್ಲದಿದ್ರೂ ಅದೇ ಹೊತ್ತಿಗೆ ಮಾಡಿ. ನಾನು ಹತ್ತಕ್ಕೆ ಅಂದಿದ್ದೆ, ಮೇಷ್ಟ್ರು ಒಂಬತ್ತೂಮುಕ್ಕಾಲಿಗೇ ಫೋನ್ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರಂತೆ.